ಜಗತ್ತಿನಾಗ ಒಂದೇ ಒಂದು ನಂಬರು

ಹದಿನಾಲ್ಕು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಇಷ್ಟು ದಿನದಲ್ಲಿ ನಾನು ನಗೆಪಾಟಲಾಗದ ತಿಂಗಳು ಯಾವುದಾದರೂ ಇದ್ದರೆ, ಆ ತಿಂಗಳು ಬಹುಶಃ ಕರೆಂಟ್ ಇರಲಿಲ್ಲ.

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ‘ಇಲ್ಲಿ ಸಾಫ್ಟ್‌ವೇರ್ ಮಾಡಿಕೊಡಲಾಗುತ್ತದೆ’ ಎಂದು ದೊಡ್ಡ ಬೋರ್ಡು ಹಾಕಿದ್ದೇನೆ. ಮೆಟ್ಟಿಲು ಹತ್ತಿ ಬರುವವರಲ್ಲಿ ಮುಕ್ಕಾಲು ಜನ ‘ಹೊಲದ ಪಹಣಿ ಉತಾರ ತಗದು ಕೊಡ್ತೀರೇನ್ರಿ?’ ಎಂದು ಕೇಳುತ್ತಾರೆ. ಉಳಿದವರಿಗೆ ಝೆರಾಕ್ಸ್ ಬೇಕು. ಇವರೆಲ್ಲ ಇಳಿದು ಹೋದ ಮೇಲೆ ಇಂಡಿ, ಸಿಂದಗಿ, ಬಾಗೇವಾಡಿ ಕಡೆಯಿಂದ ಯಾರಾದರೂ ಒಬ್ಬರು ಬಂದು ‘ನಮ್ಮ ಅಂಗಡಿಗೆ ಒಂದು ಪ್ರೋಗ್ರಾಂ ಬೇಕಾಗಿತ್ರಿ’ ಎನ್ನುತ್ತಾರೆ. ನನ್ನ ಹೊಟ್ಟೆಪಾಡು ಆ ಒಬ್ಬರ ಮೇಲೆ ನಡೆದಿದೆ.

ಯಾವ ಪ್ರೋಗ್ರಾಂ ಮಾಡಿದರೂ ಅದರೊಳಗಿನ ಪ್ರತಿಯೊಬ್ಬರಿಗೂ, ಪ್ರತಿಯೊಂದಕ್ಕೂ ಒಂದು ನಂಬರು ಬೇಕು. ಒಂದು, ಎರಡು, ಮೂರು ಎಂದು ಕೊಡಬಹುದಿತ್ತು. ನಮ್ಮ ಅಜ್ಜಿ ಹಾಗೇ ರೊಟ್ಟಿ ಎಣಿಸುತ್ತಿದ್ದಳು, ಒಂದು ದಿನವೂ ತಪ್ಪಿರಲಿಲ್ಲ. ಆದರೆ ನಾನು ಓದಿದವಳು. ನನಗೆ ಯುಯುಐಡಿ ಗೊತ್ತು. ಅದೊಂದು ಉದ್ದನೆಯ ನಂಬರು, ಕಂಪ್ಯೂಟರು ತಾನೇ ಹುಟ್ಟಿಸುತ್ತದೆ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ, ಇಂಗ್ಲಿಷಿನ ಎ ಯಿಂದ ಎಫ್‌ವರೆಗಿನ ಆರು ಅಕ್ಷರ, ಎಲ್ಲ ಕಲಸಿ ಮೂವತ್ತೆರಡು. ನಡುವೆ ನಾಲ್ಕು ಅಡ್ಡಗೀಟು. ಒಮ್ಮೆ ಹುಟ್ಟಿದ ನಂಬರು ಜಗತ್ತಿನಲ್ಲಿ ಮತ್ತೆಲ್ಲೂ ಹುಟ್ಟುವುದಿಲ್ಲ ಅನ್ನುವುದು ಅದರ ಹೆಚ್ಚುಗಾರಿಕೆ. ಇಂಡಿಯ ಕಂಪ್ಯೂಟರು ಸಿಂದಗಿಯ ಕಂಪ್ಯೂಟರನ್ನು ಕೇಳದೆ ನಂಬರು ಕೊಟ್ಟರೂ ಎರಡೂ ಬೇರೆ ಬೇರೆಯೇ ಬರುತ್ತವೆ. ನಮ್ಮ ಕಡೆ ನೆಟ್ ಇರುವ ಪರಿ ನೋಡಿದರೆ ಇದು ದೊಡ್ಡ ಅನುಕೂಲವೇ.

ಆ ನಂಬರಿನಲ್ಲಿ ಏನೂ ದೋಷವಿಲ್ಲ ಎಂದು ಇವತ್ತಿಗೂ ಪ್ರಮಾಣ ಮಾಡಿ ಹೇಳುತ್ತೇನೆ. ದೋಷ ಎಲ್ಲಿದೆ ಎಂಬುದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

೧. ಕಾಲೇಜಿನಲ್ಲಿ ನನ್ನ ಭಾಷಣ

ಮುದ್ದೇಬಿಹಾಳದ ಒಂದು ಕಾಲೇಜಿನವರು ಹೊಸ ವಿದ್ಯಾರ್ಥಿಗಳ ಹೆಸರು ಹಚ್ಚಲು ಪ್ರೋಗ್ರಾಂ ಮಾಡಿಸಿದರು. ಮಾಡಿಕೊಟ್ಟೆ. ಎಲ್ಲರ ಮುಂದೆ ತೋರಿಸಬೇಕು ಅಂದರು. ಪ್ರಾಚಾರ್ಯರು, ಹತ್ತು ಹನ್ನೆರಡು ಜನ ಉಪನ್ಯಾಸಕರು, ಗೋಡೆಯ ಮೇಲೆ ದೊಡ್ಡ ಪರದೆ. ನಾನು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟುಕೊಂಡು ಹೋಗಿದ್ದೆ.

ಅರ್ಧ ಗಂಟೆ ಮಾತಾಡಿದೆ. ‘ಸರ್, ಕೃಷ್ಣಾ ಹೊಳೆಯ ಉಸುಕಿನ ಒಂದೊಂದು ಕಾಳಿಗೂ ಒಂದೊಂದು ನಂಬರ್ ಕೊಟ್ಟರೂ ಇವು ಮುಗಿಯಂಗಿಲ್ರಿ. ಒಮ್ಮೆ ಬಂದದ್ದು ಜಗತ್ತಿನಾಗ ಮತ್ತೊಮ್ಮೆ ಬರಂಗಿಲ್ಲ. ಜಗತ್ತಿನಾಗ ಒಂದೇ ಒಂದು!’ ಗಣಿತದ ಉಪನ್ಯಾಸಕರು ತಲೆದೂಗಿದರು. ನನಗೆ ಇನ್ನಷ್ಟು ಹುರುಪು ಬಂತು.

ಒಬ್ಬ ಹುಡುಗಿಯ ಹೆಸರು ಹಾಕಿ ಗುಂಡಿ ಒತ್ತಿದೆ. ಪರದೆಯ ಮೇಲೆ ಉದ್ದಕ್ಕೆ ನಂಬರು ಬಂತು. ಎಲ್ಲರೂ ‘ಓ’ ಅಂದರು. ಎರಡನೆಯ ಹೆಸರು ಹಾಕಿದೆ, ನಂಬರು ಬಂತು. ಮೂರನೆಯದೂ ಬಂತು. ಅಷ್ಟರಲ್ಲಿ ಚಹಾ ಕೊಡಲು ಬಂದಿದ್ದ ಸಿಪಾಯಿ, ತಲೆ ಬೆಳ್ಳಗಾದ ಹಿರಿಯ ಮನುಷ್ಯ, ಪರದೆಯ ಹತ್ತಿರವೇ ತಟ್ಟೆ ಹಿಡಿದು ನಿಂತುಬಿಟ್ಟ.

‘ಮೇಡಂ, ಮೂರಕ್ಕೂ ಕಡೀಕ ಸೆವೆನ್ ಸಿ ಅಂತನ ಬಂತಲ್ರಿ?’ ಅಂದ.

ನಾನು ತಿರುಗಿ ನೋಡಿದೆ. ಕೊನೆಯ ಎರಡಷ್ಟೇ ಅಲ್ಲ, ಮೂವತ್ತೆರಡೂ ಅವೇ. ಮನೆಯಲ್ಲಿ ಪರೀಕ್ಷೆ ಮಾಡುವಾಗ ಪ್ರತಿ ಸಲ ಹೊಸ ನಂಬರು ಬಂದು ಗೊಂದಲವಾಗುತ್ತದೆ ಎಂದು ಒಂದು ನಂಬರನ್ನು ನಾನೇ ಕೈಯಿಂದ ಬರೆದಿಟ್ಟಿದ್ದೆ. ಅದನ್ನು ತೆಗೆಯುವುದು ಮರೆತಿತ್ತು. ಇನ್ನು ಆ ಕಾಲೇಜಿನಲ್ಲಿ ಎಷ್ಟು ಮಕ್ಕಳು ಸೇರಿದರೂ ಎಲ್ಲರಿಗೂ ಅದೇ ನಂಬರು.

ಪ್ರಾಚಾರ್ಯರು ಕನ್ನಡಕ ತೆಗೆದು ಒರೆಸಿಕೊಂಡರು. ಗಣಿತದವರು ಕಿಟಕಿಯ ಹೊರಗೆ ನೋಡಿದರು. ನನ್ನ ಮುಖ ನೋಡಿ ಸಿಪಾಯಿಗೆ ಪಾಪ ಅನ್ನಿಸಿರಬೇಕು, ಚಹಾದ ಕಪ್ಪು ನನ್ನ ಮುಂದಿಟ್ಟು ಎಲ್ಲರಿಗೂ ಕೇಳುವ ಹಾಗೆ ನನ್ನ ಪರವಾಗಿ ಅಂದ:

‘ಮೇಡಂ ಹೇಳಿದ್ದು ಖರೇನ ಐತ್ರಿ. ಒಂದೇ ಒಂದು ಅಂದಿದ್ರು. ಒಂದೇ ಒಂದು ಐತಿ.’

೨. ಇಂಡಿ ಇ

ಸಿಂದಗಿಯಲ್ಲಿ ಬೋರ್‌ವೆಲ್ಲಿನ ಮೋಟರ್ ರಿಪೇರಿ ಮಾಡುವ ಅಂಗಡಿ. ಬ್ಯಾಸಗಿ ಬಂತೆಂದರೆ ಗೋದಾಮಿನ ತುಂಬ ಸುಟ್ಟ ಮೋಟರುಗಳು. ಯಾರದು ಯಾವುದು ಎಂದು ಗೊತ್ತಾಗಲು ನನ್ನ ನಂಬರು. ಒಂದು ದಿನ ಅಲ್ಲಿನ ಮ್ಯಾನೇಜರು ಫೋನ್ ಮಾಡಿದರು.

‘ಮೇಡಂ, ಒಬ್ಬ ಗೌಡ್ರು ಬಂದು ಕುಂತಾರ. ಅವರ ಮೋಟರ್ ಯಾವ ಸಾಲಿನ್ಯಾಗ ಐತಿ ಅಂತ ಕಂಪ್ಯೂಟರ್ ತೋರಸವಲ್ದು.’

‘ಚೀಟಿ ಮ್ಯಾಲಿನ ನಂಬರ್ ಹೇಳ್ರಿ, ನಾ ಇಲ್ಲಿಂದ ನೋಡ್ತೇನಿ.’

ಅವರು ಶುರು ಮಾಡಿದರು. ಮೂರನೆಯ ಅಕ್ಷರಕ್ಕೇ ತೊಡಕಾಯಿತು. ಫೋನಿನಲ್ಲಿ ಬಿ, ಸಿ, ಡಿ, ಇ ಎಲ್ಲ ಒಂದೇ ಥರ ಕೇಳುತ್ತವೆ.

‘ಬಿ ಏನ್ರಿ, ಡಿ ಏನ್ರಿ?’

‘ಬಿ ರೀ. ಬಾಗೇವಾಡಿ ಬಿ.’

‘ಹಾಂ, ಹಿಂಗ ಹೇಳ್ರಿ. ಊರ ಹೆಸರು ಹಚ್ಚಿ ಹೇಳ್ರಿ.’

ಇದು ನನ್ನದೇ ಸಲಹೆ. ಅವರಿಗೂ ಹುಮ್ಮಸ್ಸು ಬಂತು. ಆಲಮೇಲದ ಎ. ಚಡಚಣದ ಸಿ. ದೇವರ ಹಿಪ್ಪರಗಿ ಡಿ. ನಾನೂ ಬಸ್ಸಿನಲ್ಲಿ ಕೂತವಳ ಹಾಗೆ ಒಂದೊಂದೇ ಊರು ದಾಟುತ್ತ ಬರೆದುಕೊಂಡೆ. ಒಟ್ಟು ಮೂವತ್ತೆರಡೂ ಮುಗಿಯಿತು. ಹುಡುಕಿದೆ. ಕಂಪ್ಯೂಟರು ಇಂಥ ನಂಬರೇ ಇಲ್ಲ ಅಂದಿತು.

‘ಮತ್ತೊಮ್ಮೆ ಹೇಳ್ರಿ.’

ಮತ್ತೊಮ್ಮೆ ಜಿಲ್ಲೆ ಸುತ್ತಿದೆವು. ಮತ್ತೆ ಇಲ್ಲ. ಮೂರನೆಯ ಸಲ ಅರ್ಧ ದಾರಿಯಲ್ಲಿ ಅವರು ‘ಇಂಡಿ ಇ’ ಅಂದಾಗ ನನ್ನ ಕೈ ನಿಂತಿತು.

‘ಇಂಡಿ ಅಂದ್ರ ಐ ಅಲ್ಲೇನ್ರಿ?’

‘ಇಂಡಿ ಅಂದ್ರ ಇ ರೀ! ಇ ಯಿಂದನ ಶುರು ಆಗತೈತಿ!’

ಅವರು ಕನ್ನಡದ ಇಂಡಿಯಲ್ಲಿದ್ದರು, ನಾನು ಇಂಗ್ಲಿಷಿನ ಇಂಡಿಯಲ್ಲಿದ್ದೆ. ಈ ನಂಬರಿನಲ್ಲಿ ಎಫ್ ಆದ ಮೇಲಿನ ಅಕ್ಷರ ಬರುವುದೇ ಇಲ್ಲ. ಊರಿಗೆಲ್ಲ ಅದನ್ನು ಭಾಷಣ ಮಾಡಿ ಹೇಳುವವಳು ನಾನು, ಎರಡು ಸಲ ಕಣ್ಣು ಮುಚ್ಚಿಕೊಂಡು ಐ ಒತ್ತಿದ್ದೆ. ಚೀಟಿಯ ಫೋಟೋ ತೆಗೆದು ಕಳಿಸಿ ಅಂದಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಅದು ಹೊಳೆದದ್ದು ಮರುದಿನ, ತಲೆ ಬಾಚಿಕೊಳ್ಳುವಾಗ.

‘ಆತು, ಮುಂದ ಹೇಳ್ರಿ.’

‘ಮುಂದ ಎಫ್ ರೀ. ಎಫ್...’ ಅವರು ತಡವರಿಸಿದರು. ‘ಎಫ್‌ಗೆ ನಮ್ಮ ಕಡೆ ಊರ ಇಲ್ರಿ ಮೇಡಂ, ಆಗಿಂದ ಬರೇ ಎಫ್ ಅನ್ನಾಕತ್ತೇನಿ. ಫಜೀತಿ ಎಫ್ ಅಂತ ಬರಕೋರಿ.’

ಅಷ್ಟರಲ್ಲಿ ಫೋನಿನಲ್ಲಿ ಏನೋ ಭಾರವಾದದ್ದನ್ನು ನೆಲದ ಮೇಲೆ ಇಟ್ಟ ಸದ್ದು ಕೇಳಿತು. ಹಿಂದೆಯೇ ಗೌಡರ ದನಿ:

‘ನಾ ಹೋಗಿ ನಮ್ಮ ಮೋಟರ್ ತಂದೇನಿ. ಅದಕ್ಕ ಕೆಂಪು ಅರಿವಿ ಕಟ್ಟಿದ್ನಿ. ನಿಮ್ಮದು ನಡೀಲಿ, ಇನ್ನೂ ಭಾಳ ಊರ ಉಳಿದಿರಬೇಕು.’

೩. ಮಾಸ್ತರರ ಬಾಯಿಪಾಠ

ಇಂಡಿಯಲ್ಲಿ ನಿವೃತ್ತರೆಲ್ಲ ಸೇರಿ ಒಂದು ವಾಚನಾಲಯ ನಡೆಸುತ್ತಾರೆ. ಪುಸ್ತಕ ಒಯ್ಯುವವರ ಪಟ್ಟಿಗೆ ನನ್ನ ಪ್ರೋಗ್ರಾಂ. ಸದಸ್ಯರಾದ ದಿನ ಒಂದು ಚೀಟಿಯ ಮೇಲೆ ಅವರ ನಂಬರು ಬರೆದು ಕೊಡುತ್ತಿದ್ದರು. ಅದನ್ನು ಹೇಳಿದರೆ ಪುಸ್ತಕ.

ಒಂದು ವಾರ ಸದಸ್ಯರ ಹೆಸರು ಹಚ್ಚಿ ಪುಸ್ತಕ ಕೊಡಲು ಶುರು ಮಾಡಿದ ದಿನ, ಎಲ್ಲ ಸರಿಯಾಗಿದೆಯೇ ನೋಡೋಣವೆಂದು ನಾನೇ ಹೋಗಿದ್ದೆ. ಒಬ್ಬ ಹಳೆಯ ಮಾಸ್ತರರು ಬಂದರು. ಬಿಳಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಚೀಟಿ ಕೇಳಿದೆ.

‘ಚೀಟಿ ಯಾಕ ಬೇಕು? ಚೀಟಿ ಕಳೀತೈತಿ. ನಾ ಬಾಯಿಪಾಠ ಮಾಡೇನಿ.’

‘ಮೂವತ್ತೆರಡೂ?’

‘ಅಡ್ಡಗೀಟು ಸಮೇತ. ಎರಡು ದಿನ ಹಿಡೀತು.’

ಕೊಡೆಯನ್ನು ಮೂಲೆಗಿಟ್ಟು, ಕಣ್ಣು ಮುಚ್ಚಿ, ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ, ಮಗ್ಗಿ ಹೇಳಿಸುವ ಧಾಟಿಯಲ್ಲಿ ಹೇಳಿದರು. ಎಲ್ಲೂ ತೊದಲಲಿಲ್ಲ. ಗೀಟು ಬಂದಲ್ಲೆಲ್ಲ ‘ಗೀಟು’ ಎಂದು ಜೋರಾಗಿ ಅಂದರು. ಪೇಪರ್ ಓದುತ್ತಿದ್ದವರೆಲ್ಲ ಪೇಪರ್ ಇಳಿಸಿ ನೋಡಿದರು. ನನಗೆ ಎದ್ದು ನಮಸ್ಕಾರ ಮಾಡಬೇಕೆನ್ನಿಸಿತು. ಕಂಪ್ಯೂಟರಿನಲ್ಲಿ ಅವರ ಹೆಸರು ತೆರೆದು ಹೋಲಿಸಿ ನೋಡಿದೆ.

‘ಮಾಸ್ತರ, ತಪ್ಪೈತ್ರಿ.’

ಕಣ್ಣು ತೆರೆದರು. ‘ಎಲ್ಲಿ ತಪ್ಪೈತಿ?’

‘ಎಲ್ಲಾ ಕಡೆ.’

ಅವರ ಮುಖ ಕೆಂಪಾಯಿತು. ಮತ್ತೊಮ್ಮೆ ಹೇಳಿದರು. ನಾನು ಇನ್ನೊಮ್ಮೆ ಅವರ ಹೆಸರು ತೆರೆದೆ. ಈ ಸಲ ಪರದೆಯ ಮೇಲೆ ಮೊದಲಿನದೂ ಅಲ್ಲ, ಅವರದೂ ಅಲ್ಲ, ಮೂರನೆಯದೇ ಒಂದು ನಂಬರಿತ್ತು. ಆಗ ನಾನು ಬರೆದ ಪ್ರೋಗ್ರಾಂ ತೆರೆದು ನೋಡಿದೆ. ನಂಬರು ಹುಟ್ಟಿಸುವ ಸಾಲನ್ನು ನಾನು ಹೆಸರು ಸೇರಿಸುವ ಕಡೆ ಬರೆಯದೆ, ಹೆಸರು ತೆರೆಯುವ ಕಡೆ ಬರೆದಿದ್ದೆ. ಹೀಗಾಗಿ ಯಾರಾದರೂ ತೆರೆದು ನೋಡಿದಾಗಲೆಲ್ಲ ಆ ಮನುಷ್ಯನಿಗೆ ಹೊಸ ನಂಬರು. ವಾಚನಾಲಯದ ಒಬ್ಬ ಸದಸ್ಯನ ಹತ್ತಿರವೂ ಸರಿಯಾದ ಚೀಟಿ ಇರಲಿಲ್ಲ.

ತಪ್ಪು ಒಪ್ಪಿಕೊಂಡೆ. ಮಾಸ್ತರರು ಎಲ್ಲ ಕೇಳಿಸಿಕೊಂಡರು.

‘ಅಂದ್ರ ನಾ ಹೇಳಿದ್ದು ಬರೋಬ್ಬರಿ ಇತ್ತು?’

‘ನೂರಕ್ಕ ನೂರು ಬರೋಬ್ಬರಿ ಇತ್ರಿ.’

‘ನನಗ ಎಪ್ಪತ್ತಾರು. ಮರೆಯೋ ವಯಸ್ಸು ನಂದು. ನಾ ನೆನಪಿಟ್ಟೇನಿ, ಇದು ಮರತೈತಿ. ನಮ್ಮ ಸಾಲ್ಯಾಗ ಆಗಿದ್ರ ಬೆಂಚಿನ ಮ್ಯಾಲೆ ನಿಂದರಸ್ತಿದ್ನಿ.’

‘ಕಂಪ್ಯೂಟರ್‌ನ ಏನ್ರಿ?’ ಎಂದು ನಕ್ಕೆ.

‘ಅಲ್ಲ ತಂಗಿ, ನಿನ್ನ.’

೪. ಮನಗೂಳಿ ಅಜ್ಜಿಯ ಜಂಪರು

ಬಸವನ ಬಾಗೇವಾಡಿಯಲ್ಲಿ ನನಗೆ ಬೇಕಾದ ಒಬ್ಬ ಟೇಲರಕ್ಕ ಇದ್ದಾಳೆ. ಜಂಪರ್ ಹೊಲಿಯುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಲಗ್ನದ ಸುಗ್ಗಿಯಲ್ಲಿ ಬಟ್ಟೆಗಳು ಅದಲು ಬದಲಾಗುತ್ತವೆ ಎಂದು ಆಕೆ ಗೋಳಾಡಿದಾಗ, ‘ಚಿಂತಿ ಬಿಡು, ನನ್ನ ಕಡೆ ನಂಬರ್ ಐತಿ’ ಎಂದೆ.

ನಂಬರಿನ ಪಟ್ಟಿ ಛಾಪಿಸಿ ಕೊಟ್ಟೆ. ಎರಡೇ ದಿನಕ್ಕೆ ಫೋನು.

‘ಅಕ್ಕಾ, ನಿನ್ನ ಚೀಟಿ ಹಚ್ಚಿದ್ರ ತೋಳಿಗಿಂತ ಚೀಟಿನ ಉದ್ದ ಆಗಾಕತ್ತೈತಿ. ಮುಂದಿಂದು ನಾಕ ಅಕ್ಷರ ಇಟಗೊಂಡು ಉಳಿದದ್ದು ಕತ್ತರಸ್ಲಿ?’

ಬೇಡ ಅನ್ನಬೇಕಿತ್ತು. ಮೂವತ್ತೆರಡೂ ಇದ್ದರೆ ಮಾತ್ರ ಎರಡು ನಂಬರು ಒಂದೇ ಆಗುವುದಿಲ್ಲ, ನಾಲ್ಕಕ್ಕೆ ಇಳಿಸಿದರೆ ಕೆಲವೇ ನೂರು ಬಟ್ಟೆಯೊಳಗೆ ಎರಡು ಒಂದೇ ಆಗುವ ಸಂಭವ ಚೆನ್ನಾಗಿಯೇ ಇದೆ. ಕಾಲೇಜಿನಲ್ಲಿ ಈ ಪ್ರಶ್ನೆಗೆ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು ನಾನು. ಆದರೆ ಆ ಹೊತ್ತಿನಲ್ಲಿ ನಾನು ಆಕೆಯ ಅಂಗಡಿಯಲ್ಲಿ ನನ್ನದೇ ಎರಡು ಜಂಪರ್ ಕೊಟ್ಟಿದ್ದೆ, ಅವು ಬೇಗ ಬೇಕಿದ್ದವು. ‘ಕತ್ತರಸು’ ಎಂದೆ.

ಮದುವೆಗೆ ಎರಡು ದಿನವಿರುವ ಮದುಮಗಳೊಬ್ಬಳು ಪೊಟ್ಟಣ ಬಿಚ್ಚಿದರೆ ಒಳಗೆ ಗುಳೇದಗುಡ್ಡ ಖಣದ ಕುಬಸ. ಮುಂದೆ ಗಂಟು ಹಾಕುವಂಥದ್ದು, ಮೊಣಕೈವರೆಗೆ ತೋಳು. ಆ ಹುಡುಗಿ ಅತ್ತದ್ದು ಬಾಗೇವಾಡಿಯ ಅರ್ಧ ಓಣಿಗೆ ಕೇಳಿತಂತೆ. ಟೇಲರಕ್ಕ ಅಳುತ್ತ ನನಗೆ ಫೋನ್ ಮಾಡಿದಳು. ನಾನು ಮುದ್ದೇಬಿಹಾಳದಿಂದ ಓಡಿ ಹೋದೆ. ಎರಡು ಚೀಟಿಗೂ ಅವೇ ನಾಲ್ಕು ಅಕ್ಷರ. ಮದುಮಗಳ ರೇಷ್ಮೆ ಜಂಪರು ಮನಗೂಳಿಯ ಒಬ್ಬ ಅಜ್ಜಿಯ ಪಾಲಾಗಿತ್ತು. ಜರಿಯ ಕುಸುರಿ, ಬೆನ್ನು ಪೂರಾ ತೆರೆದು ಎರಡು ದಾರ, ದಾರದ ತುದಿಗೆ ಗೊಂಡೆ.

ಇಬ್ಬರೂ ಮನಗೂಳಿಗೆ ಹೋದೆವು. ದಾರಿಯುದ್ದಕ್ಕೂ ಟೇಲರಕ್ಕ ಒಂದೇ ಮಾತು: ‘ಅಜ್ಜಿ ಬೈತಾಳ. ಮರ್ಯಾದಿ ತಗೀತಾಳ.’ ನಾನು ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಮನೆಯೊಳಗೆ ಹೋದರೆ ಅಜ್ಜಿ ಆ ಜಂಪರು ತೊಟ್ಟುಕೊಂಡೇ ಕುಳಿತಿದ್ದಳು. ಸೆರಗು ಸರಿಸಿ, ಫ್ಯಾನಿಗೆ ಬೆನ್ನು ಕೊಟ್ಟು, ಕಾಳು ಹಸನು ಮಾಡುತ್ತಿದ್ದಳು. ಗೊಂಡೆಗಳು ಗಾಳಿಗೆ ಆಡುತ್ತಿದ್ದವು. ಅಳತೆಯೂ ಹೇಳಿ ಮಾಡಿಸಿದ ಹಾಗಿತ್ತು.

‘ಅಜ್ಜಿ, ತಪ್ಪಿ ಬಂದೈತ್ರಿ. ಅದು ಬ್ಯಾರೇದವ್ರದು. ನಿಮ್ಮ ಕುಬಸ ತಂದೇವಿ’ ಎಂದೆ.

ಅಜ್ಜಿ ಮೊರ ಕೆಳಗಿಟ್ಟಳು.

‘ಎಪ್ಪತ್ತು ವರ್ಷ ಬೆನ್ನ ತುಂಬ ಅರಿವಿ ಹೊದ್ದು ಬೆವತೇನಿ. ಹಿಂಗ ಗಾಳಿ ಬರೂದು ಐತಿ ಅಂತ ಒಬ್ಬರೂ ಹೇಳಿಲ್ಲ ನನಗ. ಕೊಡಂಗಿಲ್ಲ, ನಡೀರಿ.’

ಅರ್ಧ ಗಂಟೆ ಕೈಮುಗಿದ ಮೇಲೆ ಒಂದು ಕರಾರಿಗೆ ಬಿಚ್ಚಿ ಕೊಟ್ಟಳು. ಆ ಕರಾರಿನಂತೆ ಟೇಲರಕ್ಕ ಮುಂದಿನ ವಾರ ಅಜ್ಜಿಗೆ ಅಂಥವೇ ಎರಡು ಹೊಲಿದು ಕೊಟ್ಟಳು. ಒಂದಕ್ಕೆ ಗೊಂಡೆ ದೊಡ್ಡದು ಬೇಕಂತ.

೫. ಇಂಗಳೇಶ್ವರದ ಅಜ್ಜನ ರಿಪೋರ್ಟು

ಇದು ಬಾಗೇವಾಡಿಯ ರಕ್ತ ತಪಾಸಣೆಯ ಲ್ಯಾಬಿನದು. ಅಲ್ಲಿಯೂ ನನ್ನದೇ ನಂಬರು. ಪೂರ್ತಿ ನಂಬರು ಓದಲು ಆಗುವುದಿಲ್ಲ ಎಂದು ಲ್ಯಾಬ್ ನಡೆಸುವ ತಾಯಿ ಹೇಳಿದ್ದಕ್ಕೆ, ರಿಪೋರ್ಟಿನ ತಲೆಯ ಮೇಲೆ ನಡುವಿನ ನಾಲ್ಕಕ್ಷರದ ಒಂದು ತುಂಡನ್ನಷ್ಟೇ ದಪ್ಪ ಅಕ್ಷರದಲ್ಲಿ, ಕೆಂಪು ಬಣ್ಣದಲ್ಲಿ ಬರುವ ಹಾಗೆ ಮಾಡಿದ್ದೆ. ಕೆಂಪು ಬಣ್ಣ ನನ್ನ ಕಡೆಯಿಂದ ಉಚಿತ.

ಇಂಗಳೇಶ್ವರದ ಒಬ್ಬ ಅಜ್ಜ ಕೈಕಾಲು ಹರಿದಂತೆ ನೋಯುತ್ತವೆ ಎಂದು ರಕ್ತ ಕೊಟ್ಟು ಹೋಗಿದ್ದರು. ಶನಿವಾರ ಸಂಜೆ ರಿಪೋರ್ಟು ಕೈಗೆ ಬಂತು. ಬಸ್ಸು ತಪ್ಪುತ್ತದೆ ಎಂದು ಯಾರನ್ನೂ ಕೇಳದೆ ಊರಿಗೆ ಒಯ್ದರು. ಮನೆಯಲ್ಲಿ ಇಂಗ್ಲಿಷ್ ಸಾಲೆಗೆ ಹೋಗುವ ಮೊಮ್ಮಗಳಿದ್ದಳು. ಓದಲು ಕೊಟ್ಟರು.

‘ಅಜ್ಜಾ, ಬ್ಯಾಡ್ ಅಂತ ಬರದಾರ.’

‘ಬ್ಯಾಡ? ಯಾರಿಗೆ ಬ್ಯಾಡ?’

‘ಬ್ಯಾಡ ಅಲ್ಲಜ್ಜಾ, ಬ್ಯಾಡ್. ಬಿ, ಎ, ಡಿ. ಅಂದ್ರ ಕೆಟ್ಟ.’

ಅಜ್ಜ ಮೊಮ್ಮಗಳ ಹತ್ತಿರ ಸರಿದು ಕೂತರು. ‘ಮುಂದ ಏನೈತಿ?’

‘ನಾಕು ಅಂತೈತಿ.’

‘ನಾಕು ತಿಂಗಳಾ? ನಾಕು ವಾರಾ?’

ಹುಡುಗಿಗೆ ಅದು ತಿಳಿಯಲಿಲ್ಲ. ಮರುದಿನ ಭಾನುವಾರ, ಲ್ಯಾಬು ಮುಚ್ಚಿತ್ತು. ಅಜ್ಜ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ಪಕ್ಕದ ಮನೆಯ ಬಾಗಿಲು ಬಡಿದರು. ಪಕ್ಕದ ಮನೆ ಅವರ ತಮ್ಮನದು. ಇಬ್ಬರ ಹೊಲದ ನಡುವಿನ ಬದುವಿನ ಮೇಲೆ ಒಂದು ಬೇವಿನ ಗಿಡ ಇತ್ತು, ಅದು ಯಾರದು ಎಂಬ ಜಗಳಕ್ಕೆ ಅಣ್ಣತಮ್ಮ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು.

‘ತಮ್ಮಾ, ನನಗ ನಾಕು ಅಂತ ಬರದು ಕೊಟ್ಟಾರ. ಗಿಡ ನಿಂದ. ನೀ ಇಟಗೋ. ನನ್ನ ಮ್ಯಾಲೆ ಸಿಟ್ಟ ಇಟಗೋಬ್ಯಾಡ’ ಅಂದರಂತೆ.

ತಮ್ಮ ಅಣ್ಣನ ಕಾಲು ಹಿಡಿದು ಅತ್ತನಂತೆ. ಎರಡೂ ಮನೆಯವರು ಸೇರಿ ಅತ್ತರಂತೆ. ಅವತ್ತು ಒಂದೇ ಒಲೆಯ ಮೇಲೆ ಹೋಳಿಗೆ ಆಯಿತಂತೆ.

ಸೋಮವಾರ ಅಣ್ಣತಮ್ಮ ಜೊತೆಯಾಗಿ ಲ್ಯಾಬಿಗೆ ಬಂದು, ನಾಕು ಎಂದರೆ ಏನು ಎಂದು ಕೇಳಿದ್ದಾರೆ. ಲ್ಯಾಬಿನ ತಾಯಿ ರಿಪೋರ್ಟು ಪೂರ್ತಿ ಓದಿ, ‘ಅಜ್ಜಾರ, ನಿಮಗ ಏನೂ ಆಗಿಲ್ಲ, ಸ್ವಲ್ಪ ರಕ್ತ ಕಡಿಮಿ ಐತಿ ಅಷ್ಟ’ ಎಂದರೂ ಅವರು ನಂಬಲಿಲ್ಲ. ಕೆಂಪಗೆ ಬರೆದದ್ದು ಕಣ್ಣಿಗೆ ಕಾಣುತ್ತಿತ್ತಲ್ಲ. ಕೊನೆಗೆ ಆಕೆ ನನಗೆ ಫೋನ್ ಮಾಡಿ, ‘ನೀನ ಬಂದು ಹೇಳು’ ಎಂದು ಖಾರವಾಗಿ ಅಂದಳು.

ಮರುದಿನ ನಾನು ಸ್ಕೂಟಿ ತೆಗೆದುಕೊಂಡು ಇಂಗಳೇಶ್ವರಕ್ಕೆ ಹೋದೆ. ಅಣ್ಣತಮ್ಮ ಒಂದೇ ಕಟ್ಟೆಯ ಮೇಲೆ ಕೂತಿದ್ದರು. ಆರು ಅಕ್ಷರ, ಹತ್ತು ಅಂಕಿ, ಕಂಪ್ಯೂಟರು ಕಣ್ಣುಮುಚ್ಚಿ ಆರಿಸುತ್ತದೆ, ಸಾವಿರಾರರಲ್ಲಿ ಒಂದಕ್ಕೆ ಹೀಗೆ ಬರುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿ ಹೇಳಿದೆ. ಕೈಮುಗಿದೆ. ಅಜ್ಜ ಗಲ್ಲಕ್ಕೆ ಕೈ ಹಚ್ಚಿ ಕೇಳಿದರು.

‘ಅಂದ್ರ ನಾ ಸಾಯಂಗಿಲ್ಲ?’

‘ಇಲ್ರಿ ಅಜ್ಜಾರ. ನೂರು ವರ್ಷ ಬಾಳ್ತೀರಿ.’

ಅಜ್ಜ ನಿಧಾನವಾಗಿ ತಮ್ಮನ ಕಡೆ ತಿರುಗಿದರು. ‘ಹಂಗಾರ ಬೇವಿನ ಗಿಡ?’

ಒಂಬತ್ತು ವರ್ಷದ ಜಗಳ ನನ್ನ ನಂಬರಿನಿಂದ ಮುಗಿದಿತ್ತು, ಈಗ ನನ್ನ ವಿವರಣೆಯಿಂದ ಮತ್ತೆ ಶುರುವಾಗುವ ಲಕ್ಷಣ. ಸುಮ್ಮನೆ ‘ಹೌದ್ರಿ, ನಾಕು ತಿಂಗಳು’ ಎಂದು ಹೇಳಿ ಹೋಗಿದ್ದರೇ ಚೆನ್ನಾಗಿತ್ತೇನೋ ಎಂದು ಒಂದು ಗಳಿಗೆ ಅನ್ನಿಸಿತು.

‘ಕೊಟ್ಟಿದ್ದು ಕೊಟ್ಟಾಂಗ ಆತು’ ಎಂದ ತಮ್ಮ, ನಗು ತಡೆದುಕೊಂಡು.

ಅಜ್ಜ ಗಹಗಹಿಸಿ ನಕ್ಕರು. ‘ಇರಲಿ ಬಿಡು. ನೆಳ್ಳು ಇಬ್ಬರಿಗೂ ಬೀಳ್ತೈತಿ.’

ಜೀವ ಬಂತು. ಚಹಾ ಕುಡಿದು ಹೊರಟೆ. ಸ್ಕೂಟಿಯವರೆಗೆ ಅಜ್ಜನ ಸೊಸೆ ಕಳಿಸಲು ಬಂದಳು. ಆಚೆ ಈಚೆ ನೋಡಿ, ದನಿ ಇಳಿಸಿದಳು.

‘ಅಕ್ಕಾರ, ನಾಳೆ ನಮ್ಮ ಅತ್ತಿಯವರೂ ರಕ್ತ ತೋರಸಾಕ ಬಾಗೇವಾಡಿಗೆ ಬರ್ತಾರ್ರಿ.’

ಪಾಪ, ಹೆದರಿದ್ದಾಳೆ ಎಂದುಕೊಂಡೆ. ‘ನೀವೇನೂ ಹೆದರಬ್ಯಾಡ್ರಿ. ನಿನ್ನೆನ ಅದನ್ನ ತಗದು ಹಾಕೇನಿ. ಇನ್ನ ಮ್ಯಾಲೆ ಯಾರಿಗೂ ಬ್ಯಾಡ್ ಅಂತ ಬರಂಗಿಲ್ಲ.’

ಆಕೆಯ ಮುಖ ಸಪ್ಪಗಾಯಿತು.

‘ಅಯ್ಯ, ತಗದ ಬಿಟ್ರೇನ್ರಿ? ಒಂದು ವಾರ ತಡೀಬಾರದಿತ್ತಾ? ಅತ್ತಿಯವರು ನಮ್ಮ ತವರಮನಿ ಮಂದಿ ಜೋಡಿ ಮಾತು ಬಿಟ್ಟು ಐದು ವರ್ಷ ಆತ್ರಿ.’